ಪಾಲಿಹೌಸ್ ತರಕಾರಿಗೆ ಯಾವ ಸಾವಯವ ಗೊಬ್ಬರ? ಹಸಿರುಮನೆ ಅನಿಲದ ಲೆಕ್ಕದಲ್ಲಿ ಒಂದು ಹೋಲಿಕೆ

ಸಾವಯವ ಗೊಬ್ಬರ ಹಾಕಿದರೆ ಹಸಿರುಮನೆ ಅನಿಲ ತಾನಾಗಿಯೇ ಕಡಿಮೆಯಾಗುತ್ತದೆ ಎಂಬುದು ಅರ್ಧ ಸತ್ಯ. ಹಸಿ ಕೋಳಿ ಗೊಬ್ಬರವನ್ನು ಒಂದೇ ಸಲ ಸುರಿದು ಪಾತಿ ತುಂಬ ನೀರು ಕಟ್ಟಿದ ಪಾಲಿಹೌಸ್, ಯೂರಿಯಾವನ್ನು ಹದವಾಗಿ ಕಂತುಗಳಲ್ಲಿ ಕೊಟ್ಟ ಪಾಲಿಹೌಸ್‌ಗಿಂತ ಹೆಚ್ಚು ನೈಟ್ರಸ್ ಆಕ್ಸೈಡ್ ಬಿಡಬಲ್ಲದು. ಗೊಬ್ಬರದ ಹೆಸರಿಗಿಂತ ಮುಖ್ಯವಾದವು ಮೂರು: ಅದರಲ್ಲಿ ತಕ್ಷಣ ಕರಗಿ ಬರುವ ಸಾರಜನಕ ಎಷ್ಟು, ಸುಲಭವಾಗಿ ಕೊಳೆಯುವ ಇಂಗಾಲ ಎಷ್ಟು, ಇವೆರಡೂ ಇರುವ ಹೊತ್ತಿಗೆ ಮಣ್ಣಿನಲ್ಲಿ ನೀರು ಎಷ್ಟು. ಇದರ ಜೊತೆಗೆ ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳದ ನಾಲ್ಕನೆಯದೊಂದಿದೆ: ಗೊಬ್ಬರ ಪಾತಿಗೆ ಬರುವ ಮೊದಲು ತಿಪ್ಪೆಯಲ್ಲಿ ಏನಾಯಿತು ಎಂಬುದು.

ಯಾವ ಅನಿಲಕ್ಕೆ ಎಷ್ಟು ತೂಕ

ನೂರು ವರ್ಷದ ಲೆಕ್ಕದಲ್ಲಿ ಒಂದು ಕೆ.ಜಿ. ನೈಟ್ರಸ್ ಆಕ್ಸೈಡ್ 273 ಕೆ.ಜಿ. ಇಂಗಾಲದ ಡೈಆಕ್ಸೈಡ್‌ಗೆ ಸಮ. ಸಗಣಿ, ಕಸಕಡ್ಡಿಯಿಂದ ಬರುವ ಮಿಥೇನ್ ಒಂದು ಕೆ.ಜಿ.ಗೆ ಸುಮಾರು 27 ಕೆ.ಜಿ. ಗೊಬ್ಬರ ಕೊಳೆಯುವಾಗ ಬರುವ ಇಂಗಾಲದ ಡೈಆಕ್ಸೈಡ್ ಅನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಗಿಡ ಗಾಳಿಯಿಂದಲೇ ಎಳೆದುಕೊಂಡಿದ್ದ ಇಂಗಾಲ, ಮರಳಿ ಗಾಳಿಗೆ ಹೋಗುತ್ತದೆ, ಅಷ್ಟೇ. ಮುಚ್ಚಿದ ಪಾಲಿಹೌಸ್‌ನಲ್ಲಂತೂ ಬೆಳಗಿನ ಹೊತ್ತು ಅದರಿಂದ ಗಿಡಕ್ಕೆ ಲಾಭವೇ.

ಗಾಳಿಯಾಡುವ ತರಕಾರಿ ಪಾತಿಯಿಂದ ಮಿಥೇನ್ ಬರುವುದು ತೀರಾ ಕಡಿಮೆ. ಮಿಥೇನ್‌ನ ಜಾಗ ತಿಪ್ಪೆ ಮತ್ತು ಸ್ಲರಿ ಗುಂಡಿ. ಪಾತಿಯಲ್ಲಿ ಕಾಯಬೇಕಾದದ್ದು ನೈಟ್ರಸ್ ಆಕ್ಸೈಡ್ ಒಂದನ್ನೇ.

ಅದು ಹುಟ್ಟುವುದು ಎರಡು ದಾರಿಯಲ್ಲಿ. ಗೊಬ್ಬರದ ಸಾರಜನಕ ಅಮೋನಿಯಂ ರೂಪದಿಂದ ನೈಟ್ರೇಟ್ ರೂಪಕ್ಕೆ ಬದಲಾಗುವಾಗ ಸ್ವಲ್ಪ ಸೋರುತ್ತದೆ. ಮಣ್ಣಿನಲ್ಲಿ ಗಾಳಿ ಕಡಿಮೆಯಾದಾಗ ಸೂಕ್ಷ್ಮಜೀವಿಗಳು ಅದೇ ನೈಟ್ರೇಟ್‌ನಿಂದ ಆಮ್ಲಜನಕ ಕಿತ್ತುಕೊಂಡು ಉಸಿರಾಡುತ್ತವೆ, ಆಗ ಹೆಚ್ಚು ಬರುತ್ತದೆ. ಮಣ್ಣಿನ ರಂಧ್ರಗಳಲ್ಲಿ 60ರಿಂದ 80% ನೀರು ತುಂಬಿರುವಾಗ ಇದು ಅತಿ ಹೆಚ್ಚು. ಅದಕ್ಕೂ ಮೇಲೆ ಹೋದರೆ ಬಹುಪಾಲು ಸಾಮಾನ್ಯ ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ. ಹವಾಮಾನಕ್ಕೆ ಅದರಿಂದ ಕೇಡಿಲ್ಲ, ಗೊಬ್ಬರ ಮಾತ್ರ ನಷ್ಟ. ರಸಸಾರ (ಪಿಎಚ್) 6ಕ್ಕಿಂತ ಕೆಳಗಿಳಿದ ಹುಳಿ ಮಣ್ಣಿನಲ್ಲಿ ಈ ಕೊನೆಯ ಹಂತ ತಡೆದು ನಿಲ್ಲುತ್ತದೆ, ನೈಟ್ರಸ್ ಆಕ್ಸೈಡ್ ಹಾಗೆಯೇ ಹೊರಬೀಳುತ್ತದೆ. ವರ್ಷಗಟ್ಟಲೆ ಹೆಚ್ಚು ಸಾರಜನಕ ಉಂಡ ಪಾಲಿಹೌಸ್ ಮಣ್ಣು ಹುಳಿಯಾಗುವುದು ಮಾಮೂಲು. ಆದ್ದರಿಂದ ಗೊಬ್ಬರ ಬದಲಿಸುವ ಮೊದಲು ರಸಸಾರ ನೋಡಿ, ಬೇಕಿದ್ದರೆ ಸುಣ್ಣ ಹಾಕಿ 6.5ರ ಆಸುಪಾಸಿಗೆ ತನ್ನಿ.

ಬಯಲು ಹೊಲಕ್ಕೆ ಹೋಲಿಸಿದರೆ ಪಾಲಿಹೌಸ್ ಬೆಚ್ಚಗಿರುತ್ತದೆ, ದಿನವೂ ತೇವ ಇರುತ್ತದೆ, ಗೊಬ್ಬರವೂ ಹೆಚ್ಚು ಬೀಳುತ್ತದೆ. ಈ ಅನಿಲ ಹುಟ್ಟಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಒಂದೇ ಅಳತೆಯಲ್ಲಿ ಐದು ಗೊಬ್ಬರ

ಟನ್‌ಗೆ ಟನ್ ಹೋಲಿಸಿದರೆ ದಾರಿ ತಪ್ಪುತ್ತದೆ. ಬೆಳೆಗೆ ಸಿಗುವ ಸಾರಜನಕವನ್ನು ಸಮ ಮಾಡಿಕೊಂಡು ಹೋಲಿಸಬೇಕು. 1000 ಚದರ ಮೀಟರ್‌ನಲ್ಲಿ ಟೊಮೆಟೊ ಇದೆ, ಗೊಬ್ಬರದಿಂದ ಬೆಳೆಗೆ 20 ಕೆ.ಜಿ. ಸಾರಜನಕ ಸಿಗಬೇಕು ಎಂದಿಟ್ಟುಕೊಳ್ಳಿ. ಕೆಳಗಿನವು ಸಾಮಾನ್ಯವಾಗಿ ಕಾಣುವ ಮೌಲ್ಯಗಳು. ನಿಮ್ಮ ಗೊಬ್ಬರದ ಪರೀಕ್ಷಾ ವರದಿ ಇದ್ದರೆ ಅದರ ಅಂಕಿಯನ್ನೇ ಹಾಕಿ ಲೆಕ್ಕ ಮಾಡಿ.

| ಗೊಬ್ಬರ | ಸಾರಜನಕ | ಮೊದಲ ಬೆಳೆಗೆ ಸಿಗುವ ಪಾಲು | 20 ಕೆ.ಜಿ.ಗೆ ಬೇಕಾದ ಪ್ರಮಾಣ | ಅದರಲ್ಲಿ ಒಟ್ಟು ಸಾರಜನಕ |
|---|---|---|---|---|
| ಕಳಿತ ಕೊಟ್ಟಿಗೆ ಗೊಬ್ಬರ | 0.5% | 30% | 13.3 ಟನ್ | 67 ಕೆ.ಜಿ. |
| ಎರೆಹುಳು ಗೊಬ್ಬರ | 1.5% | 30% | 4.4 ಟನ್ | 67 ಕೆ.ಜಿ. |
| ಕಳಿತ ಕೋಳಿ ಗೊಬ್ಬರ | 3% | 55% | 1.2 ಟನ್ | 36 ಕೆ.ಜಿ. |
| ಬೇವಿನ ಹಿಂಡಿ | 5% | 65% | 615 ಕೆ.ಜಿ. | 31 ಕೆ.ಜಿ. |
| ಬಯೋಗ್ಯಾಸ್ ಸ್ಲರಿ | 0.3% | 65% | 10 ಘನ ಮೀಟರ್ | 31 ಕೆ.ಜಿ. |

ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2006ರ ಮಾರ್ಗಸೂಚಿ ಪ್ರಕಾರ ಹಾಕಿದ ಒಟ್ಟು ಸಾರಜನಕದ 1% ನೈಟ್ರಸ್ ಆಕ್ಸೈಡ್ ರೂಪದಲ್ಲಿ ಹೋಗುತ್ತದೆ. ಲೆಕ್ಕ ಸುಲಭ: ಸಾರಜನಕದ ಕೆ.ಜಿ. × 0.01 × 1.57 × 273 (1.57 ಎಂಬುದು ಸಾರಜನಕದ ತೂಕವನ್ನು ನೈಟ್ರಸ್ ಆಕ್ಸೈಡ್ ತೂಕಕ್ಕೆ ಬದಲಿಸಲು). ಬೇವಿನ ಹಿಂಡಿಗೆ ಸುಮಾರು 133 ಕೆ.ಜಿ., ಕೋಳಿ ಗೊಬ್ಬರಕ್ಕೆ 154, ಕೊಟ್ಟಿಗೆ ಮತ್ತು ಎರೆಹುಳು ಗೊಬ್ಬರಕ್ಕೆ 287 ಕೆ.ಜಿ. ಇಂಗಾಲದ ಡೈಆಕ್ಸೈಡ್ ಸಮಾನ.

ಈ ಅಂಕಿಗಳನ್ನು ನೋಡಿ ಕಾಂಪೋಸ್ಟ್ ಕೆಟ್ಟದ್ದು ಎಂದು ತೀರ್ಮಾನಿಸಬೇಡಿ. ಎಲ್ಲ ಸಾರಜನಕಕ್ಕೂ ಒಂದೇ ದರ ಹಾಕುವುದು ಲೆಕ್ಕದ ಅನುಕೂಲಕ್ಕೆ. ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಸಾರಜನಕ ಹ್ಯೂಮಸ್ ಜೊತೆ ಬಿಗಿಯಾಗಿ ಕೂತಿರುತ್ತದೆ, ಸೂಕ್ಷ್ಮಜೀವಿಗಳಿಗೆ ಕಬಳಿಸಲು ಸಿಹಿ ಇಂಗಾಲವೂ ಉಳಿದಿರುವುದಿಲ್ಲ. ಆದ್ದರಿಂದ ನಿಜವಾದ ದರ 1%ಕ್ಕಿಂತ ಕೆಳಗೆ. ಹಸಿ ಕೋಳಿ ಗೊಬ್ಬರ ಮತ್ತು ಸ್ಲರಿಯಲ್ಲಿ ಇದರ ತದ್ವಿರುದ್ಧ. ಐಪಿಸಿಸಿಯೇ 2019ರ ಪರಿಷ್ಕರಣೆಯಲ್ಲಿ ದರಗಳನ್ನು ಬಿಡಿಸಿತು: ತೇವದ ಹವಾಮಾನದಲ್ಲಿ ರಾಸಾಯನಿಕ ಗೊಬ್ಬರಕ್ಕೆ 1.6%, ಸಾವಯವದ್ದಕ್ಕೆ 0.6%, ಒಣ ಹವಾಮಾನದಲ್ಲಿ ಎರಡಕ್ಕೂ 0.5%. ಇವೂ ಹೆಚ್ಚಾಗಿ ಬಯಲು ಹೊಲಗಳ ಅಳತೆಯ ಮೇಲೆ ನಿಂತವು, ಹಾಗಾಗಿ ಪಾಲಿಹೌಸ್‌ನವರು ಇವನ್ನು ದಿಕ್ಕು ತೋರಿಸುವ ಅಂಕಿಗಳೆಂದು ಬಳಸಿದರೆ ಸಾಕು.

ಇನ್ನೊಂದು ಮಾತು. ಹದಿಮೂರು ಟನ್ ಕೊಟ್ಟಿಗೆ ಗೊಬ್ಬರ ಎಂದರೆ ಚದರ ಮೀಟರ್‌ಗೆ 13 ಕೆ.ಜಿ. ಅಷ್ಟನ್ನು ಯಾರೂ ಹಾಕಬಾರದು. ಸಾರಜನಕವನ್ನೆಲ್ಲ ಅದರಿಂದಲೇ ಕೊಡುತ್ತೇನೆಂದು ಹೊರಟರೆ ರಂಜಕ ಮತ್ತು ಲವಣ ಪಾತಿಯಲ್ಲಿ ಕೂತುಬಿಡುತ್ತವೆ. ಮಳೆ ಬೀಳದ ಮಣ್ಣಿನಲ್ಲಿ ಅವನ್ನು ತೊಳೆದು ಕಳಿಸುವವರಿಲ್ಲ.

ತಿಪ್ಪೆಯ ಲೆಕ್ಕ

ಪಾತಿಯಲ್ಲಿ ಉಳಿಸುವ ಎಲ್ಲವನ್ನೂ ತಿಪ್ಪೆ ಒಂದೇ ತಿಂದುಹಾಕಬಲ್ಲದು. ಕಾಂಪೋಸ್ಟ್ ಮಾಡುವಾಗ ಒಂದು ಟನ್ ಹಸಿ ಕಚ್ಚಾವಸ್ತುವಿನಿಂದ 4 ಕೆ.ಜಿ. ಮಿಥೇನ್, 0.24 ಕೆ.ಜಿ. ನೈಟ್ರಸ್ ಆಕ್ಸೈಡ್ ಎಂಬುದು ಐಪಿಸಿಸಿ ಕೊಡುವ ಸಾಮಾನ್ಯ ಅಂಕಿ. ಎರಡೂ ಸೇರಿ ಟನ್‌ಗೆ ಸುಮಾರು 174 ಕೆ.ಜಿ. ಇಂಗಾಲದ ಡೈಆಕ್ಸೈಡ್ ಸಮಾನ. ಕೊಳೆಯುವಾಗ ತೂಕ ಅರ್ಧಕ್ಕಿಳಿಯುತ್ತದೆ ಎಂದರೆ 4.4 ಟನ್ ಗೊಬ್ಬರಕ್ಕೆ 8.8 ಟನ್ ಕಚ್ಚಾವಸ್ತು, ಅಂದರೆ 1500 ಕೆ.ಜಿ. ದಾಟಿತು. ಪಾತಿಯಲ್ಲಿ ಲೆಕ್ಕ ಹಾಕಿದ 287 ಕೆ.ಜಿ. ಇದರ ಮುಂದೆ ಚಿಲ್ಲರೆ.

ಆದರೆ ಐಪಿಸಿಸಿಯ ಅದೇ ಕೋಷ್ಟಕದಲ್ಲಿ ಕನಿಷ್ಠ ಮತ್ತು ಗರಿಷ್ಠ ಅಂಕಿಗಳೂ ಇವೆ. ಮಿಥೇನ್ 0.03ರಿಂದ 8 ಕೆ.ಜಿ., ನೈಟ್ರಸ್ ಆಕ್ಸೈಡ್ 0.06ರಿಂದ 0.6 ಕೆ.ಜಿ. ಕೂಡಿಸಿದರೆ ಟನ್‌ಗೆ 17 ಕೆ.ಜಿ.ಯಿಂದ 380 ಕೆ.ಜಿ.ವರೆಗೆ, ಇಪ್ಪತ್ತು ಪಟ್ಟಿಗೂ ಹೆಚ್ಚಿನ ಅಂತರ. ಹೆಚ್ಚಿನ ಪಾಲು ತಿಪ್ಪೆ ಹಾಕುವ ರೀತಿಯ ಮೇಲೆ ನಿಂತಿದೆ. ಕಾಂಪೋಸ್ಟ್ ಕೊಳ್ಳುವುದೋ ಮಾಡಿಕೊಳ್ಳುವುದೋ ಎಂಬ ಪ್ರಶ್ನೆ ಬಂದಾಗ ಮೊದಲು ಕೇಳಬೇಕಾದ್ದು ಇದನ್ನೇ.

ಒಳ್ಳೆಯ ತಿಪ್ಪೆಗೆ ಎತ್ತರ 1.5 ಮೀಟರ್ ಮೀರಬಾರದು. ಇಂಗಾಲ–ಸಾರಜನಕ ಅನುಪಾತ 25ರಿಂದ 30 ಇರಲಿ. ಬರೀ ಕೋಳಿ ಗೊಬ್ಬರ 10ಕ್ಕಿಂತ ಕೆಳಗಿರುತ್ತದೆ, ಹುಲ್ಲು, ಒಣ ಎಲೆ, ಮರದ ಹೊಟ್ಟು ಬೆರೆಸದೆ ಅದು ಏರುವುದಿಲ್ಲ. ತೇವ 50ರಿಂದ 60%: ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ಧಾರೆ ಇಳಿಯಬಾರದು. ಒಳಗಿನ ಬಿಸಿ 65 ಡಿಗ್ರಿ ದಾಟಿದರೆ ತಿರುವಿ. ಮೊದಲ ಮೂರು ವಾರ ವಾರಕ್ಕೊಮ್ಮೆ ತಿರುವಿದರೆ ಸಾಕು. ತಿರುವಿದಷ್ಟೂ ಮಿಥೇನ್ ಇಳಿಯುತ್ತದೆ ನಿಜ, ಆದರೆ ಅತಿಯಾದರೆ ಅಮೋನಿಯಾ ಹಾರಿ ಗೊಬ್ಬರದ ಸತ್ವವೇ ಹೋಗುತ್ತದೆ. ಮೇಲೆ 10 ಸೆಂ.ಮೀ. ಹಳೆಯ ಕಾಂಪೋಸ್ಟ್ ಹೊದಿಸಿದರೆ ಒಳಗಿಂದ ಬರುವ ಮಿಥೇನ್, ಅಮೋನಿಯಾಗಳ ಒಂದು ಪಾಲು ಅಲ್ಲೇ ಅಡಗುತ್ತದೆ. ಮಳೆಗೆ ಟಾರ್ಪಾಲಿನ್ ಇರಲಿ. ಕೊಳೆತ ಮೊಟ್ಟೆಯ ನಾತ ಬಂದರೆ ಒಳಗೆ ಗಾಳಿಯಿಲ್ಲ, ಮಿಥೇನ್ ಹುಟ್ಟುತ್ತಿದೆ. ಕಣ್ಣುರಿಸುವ ಘಾಟು ಬಂದರೆ ಸಾರಜನಕ ಹೆಚ್ಚಾಗಿದೆ, ಹುಲ್ಲು ಸೇರಿಸಿ. ಕಾಂಪೋಸ್ಟ್ ಮಿಶ್ರಣಕ್ಕೆ ತೂಕದ 5ರಿಂದ 10% ಬಯೋಚಾರ್ (ಗಾಳಿಯಾಡದಂತೆ ಸುಟ್ಟ ಸಸ್ಯದ ಇದ್ದಿಲು) ಸೇರಿಸಿದರೂ ಅಮೋನಿಯಾ ಹಿಡಿದುಕೊಳ್ಳುತ್ತದೆ.

ಸಗಣಿ ಕೊಟ್ಟಿಗೆಯ ಹಿಂದೆ ಗುಡ್ಡೆ ಬಿದ್ದೇ ಕೊಳೆಯುತ್ತಿದ್ದರೆ ಆ ಅನಿಲ ಹೇಗೂ ಹೋಗುತ್ತಿತ್ತು. ಅಂಥ ಸಗಣಿಯನ್ನು ಹದವಾಗಿ ಕಾಂಪೋಸ್ಟ್ ಮಾಡುವವರು ಒಟ್ಟು ಲೆಕ್ಕವನ್ನು ಇಳಿಸುತ್ತಾರೆ. ಗೊಬ್ಬರಕ್ಕೆಂದೇ ದೂರದಿಂದ ತರಿಸುವವರು ಇದನ್ನು ತಮ್ಮ ಖಾತೆಗೆ ಜಮಾ ಮಾಡಿಕೊಳ್ಳಬಾರದು.

ಕೋಳಿ ಗೊಬ್ಬರವೋ, ಹಿಂಡಿಯೋ

ಬೇಗ ಸಾರಜನಕ ಬೇಕೆಂದಾಗ ನಿಜವಾದ ಪೈಪೋಟಿ ಇವೆರಡರ ನಡುವೆ. ನಮ್ಮ ಒಲವು ಹಿಂಡಿಯ ಕಡೆಗೆ, ಕಾರಣಗಳಿವೆ.

ಕೋಳಿ ಗೊಬ್ಬರದ ಸಾರಜನಕದಲ್ಲಿ ದೊಡ್ಡ ಪಾಲು ಯೂರಿಕ್ ಆಮ್ಲ. ತೇವ ತಾಗಿದ ಕೆಲವೇ ದಿನಗಳಲ್ಲಿ ಅದು ಅಮೋನಿಯಂ ಆಗುತ್ತದೆ. ಮೇಲ್ಮೈಯಲ್ಲಿದ್ದರೆ ಅಮೋನಿಯಾ ಆಗಿ ಹಾರುತ್ತದೆ, ಹಾರಿದ್ದು ಬೇರೆಲ್ಲೋ ಬಿದ್ದು ಅದರ ಸುಮಾರು 1% ಮತ್ತೆ ನೈಟ್ರಸ್ ಆಕ್ಸೈಡ್ ಆಗುತ್ತದೆ. ಮಣ್ಣೊಳಗಿದ್ದರೆ ನೈಟ್ರೇಟ್ ಆಗಿ, ಜೊತೆಗಿರುವ ಹಸಿ ಇಂಗಾಲದೊಂದಿಗೆ ಸೇರಿ ಪಾತಿಯಲ್ಲೇ ಅನಿಲ ಬಿಡುತ್ತದೆ. ರಂಜಕದ ಲೆಕ್ಕವೂ ಸರಿಹೋಗುವುದಿಲ್ಲ. 1.2 ಟನ್ ಕೋಳಿ ಗೊಬ್ಬರದಲ್ಲಿ 24 ಕೆ.ಜಿ.ಗೂ ಹೆಚ್ಚು ರಂಜಕ (ಪಿ2ಒ5 ಲೆಕ್ಕದಲ್ಲಿ) ಬರುತ್ತದೆ, ಹತ್ತು ಟನ್ ಟೊಮೆಟೊ ಎಳೆದುಕೊಳ್ಳುವುದು ಹತ್ತು ಕೆ.ಜಿ.ಯೊಳಗೆ. ಹಿಂಡಿಯಲ್ಲಿ ಈ ತೊಂದರೆ ಇಲ್ಲ.

ಬೇವಿನ ಹಿಂಡಿಗೆ ಇನ್ನೊಂದು ಗುಣವಿದೆ: ಅಮೋನಿಯಂ ರೂಪದ ಸಾರಜನಕ ನೈಟ್ರೇಟ್ ಆಗುವುದನ್ನು ಅದರ ಕಹಿ ಅಂಶಗಳು ನಿಧಾನಿಸುತ್ತವೆ. ಇದೇ ಕೆಲಸಕ್ಕೆ ಕಾರ್ಖಾನೆಯಲ್ಲಿ ತಯಾರಾಗುವ ಡಿಸಿಡಿ, ಡಿಎಂಪಿಪಿ ರಾಸಾಯನಿಕಗಳಷ್ಟು ಬಲ ಇದಕ್ಕಿಲ್ಲ, ಆದರೆ ಅವನ್ನು ಪ್ರಮಾಣೀಕೃತ ಸಾವಯವ ಬೆಳೆಯಲ್ಲಿ ಬಳಸುವಂತಿಲ್ಲ. ಎಣ್ಣೆಯನ್ನು ಪೂರ್ತಿ ಹೀರಿ ತೆಗೆದ ಹಿಂಡಿಯಲ್ಲಿ ಈ ಗುಣ ಕಡಿಮೆ. ಹರಳು ಹಿಂಡಿ ಮತ್ತು ಕಡಲೆಕಾಯಿ ಹಿಂಡಿ ಬೇಗ ಕರಗುತ್ತವೆ, ಹಾಗಾಗಿ ಇನ್ನೂ ಸಣ್ಣ ಕಂತು ಬೇಕು. ಹರಳು ಹಿಂಡಿ ದನಕರುಗಳಿಗೆ ವಿಷ, ಮೂಟೆ ಅವಕ್ಕೆ ಎಟುಕದ ಕಡೆ ಇರಲಿ.

ಹಿಂಡಿ ಹಾಕುವಾಗ ಆಗುವ ತಪ್ಪು ಒಂದೇ: ಬುಡಕ್ಕೆ ಮುಷ್ಟಿಗಟ್ಟಲೆ ಸುರಿಯುವುದು. ಎರಡು ಮೂರು ದಿನದಲ್ಲಿ ಬಿಳಿ ಬೂಸ್ಟು ಹಬ್ಬುತ್ತದೆ, ಅಮೋನಿಯಾಗೆ ಎಳೆ ಬೇರು ಸುಡುತ್ತದೆ. ಕಾಂಡದಿಂದ 10 ಸೆಂ.ಮೀ. ದೂರ, 5 ಸೆಂ.ಮೀ. ಆಳದಲ್ಲಿ ಹಾಕಿ ಮಣ್ಣು ಮುಚ್ಚಿ. ಅರ್ಧ ಸಾರಜನಕ ಎರೆಹುಳು ಗೊಬ್ಬರದಿಂದ, ಅರ್ಧ ಬೇವಿನ ಹಿಂಡಿಯಿಂದ ಎಂದಾದರೆ 2.2 ಟನ್ ತಳಗೊಬ್ಬರ, 308 ಕೆ.ಜಿ. ಹಿಂಡಿ. 2500 ಗಿಡಕ್ಕೆ ಹಂಚಿದರೆ ಗಿಡಕ್ಕೆ 123 ಗ್ರಾಂ, ನಾಲ್ಕು ಕಂತಾದರೆ ಒಮ್ಮೆಗೆ ಸುಮಾರು 30 ಗ್ರಾಂ. ಮೊದಲ ಕಂತು ನಾಟಿಯಾದ ಮೂರು ವಾರಕ್ಕೆ, ಉಳಿದವು ಮೂರು ಮೂರು ವಾರಕ್ಕೆ.

ಕೋಳಿ ಗೊಬ್ಬರವೇ ಸುಲಭವಾಗಿ ಸಿಗುವುದಾದರೆ ಅದನ್ನು ಬಿಡಬೇಕಿಲ್ಲ. ಹುಲ್ಲಿನ ಜೊತೆ ಎರಡು ತಿಂಗಳು ಕಳಿಸಿ, ಬೆಳೆಯ ರಂಜಕಕ್ಕೆ ಸಾಕಾಗುವಷ್ಟು ಮಾತ್ರ (1000 ಚದರ ಮೀಟರ್‌ಗೆ 400 ಕೆ.ಜಿ. ಒಳಗೆ) ತಳಗೊಬ್ಬರವಾಗಿ ಹಾಕಿ. ಮಿಕ್ಕ ಸಾರಜನಕವನ್ನು ಹಿಂಡಿಯಿಂದ ತುಂಬಿ.

ಪಾಲಿಹೌಸ್‌ನಲ್ಲಿ ಗಿಡ ಸುಡುವ ಅನಿಲ ಹೆಚ್ಚಾಗಿರುವುದನ್ನು ಕಂಡುಹಿಡಿಯಲು ಒಂದು ಸರಳ ಉಪಾಯವಿದೆ. ನಸುಕಿನಲ್ಲಿ, ಬದಿ ಪರದೆ ಎತ್ತುವ ಮೊದಲು, ಹಾಳೆಯ ಒಳಮೈಯಲ್ಲಿ ಕಟ್ಟಿದ ಹನಿಗೆ ರಸಸಾರದ ಕಾಗದ ತಾಗಿಸಿ. 8 ದಾಟಿದರೆ ಅಮೋನಿಯಾ ತುಂಬಿದೆ. 5ಕ್ಕಿಂತ ಕೆಳಗಿಳಿದರೆ ಹುಳಿ ಮಣ್ಣಿನಿಂದ ನೈಟ್ರೈಟ್‌ ಒಡೆದು ಬಂದ ಅನಿಲ. ಎರಡರಲ್ಲೂ ಎಲೆಯ ಅಂಚು ಸುಡುತ್ತದೆ. ಆ ದಿನ ಗೊಬ್ಬರ ನಿಲ್ಲಿಸಿ, ಗಾಳಿ ಬಿಡಿ.

ಕಾಂಪೋಸ್ಟ್, ಎರೆಹುಳು, ಸ್ಲರಿ, ಬಯೋಚಾರ್

ಹದವಾಗಿ ಕಳಿತ ಕಾಂಪೋಸ್ಟ್ ಮತ್ತು ಎರೆಹುಳು ಗೊಬ್ಬರಗಳ ನಡುವೆ ಪಾತಿಯಲ್ಲಿ ಹೆಚ್ಚು ವ್ಯತ್ಯಾಸ ಹುಡುಕಬೇಕಿಲ್ಲ. ವ್ಯತ್ಯಾಸ ತಯಾರಿಕೆಯಲ್ಲಿ. ಎರೆಹುಳು ತೊಟ್ಟಿಯಲ್ಲಿ ಹುಳುಗಳೇ ಗಾಳಿದಾರಿ ಕೊರೆಯುವುದರಿಂದ ಮಿಥೇನ್ ಕಡಿಮೆ. ಅವುಗಳ ಕರುಳಿನಲ್ಲೇ ಒಂದಿಷ್ಟು ನೈಟ್ರಸ್ ಆಕ್ಸೈಡ್ ಹುಟ್ಟುತ್ತದೆ, ಸಾರಜನಕ ಹೆಚ್ಚಿರುವ ಕಸ ತುಂಬಿದಷ್ಟೂ ಅದು ಏರುತ್ತದೆ. ಪದರ 45 ಸೆಂ.ಮೀ. ಮೀರದಂತೆ, ಸಗಣಿಗೆ ಒಣ ಕಸ ಬೆರೆಸಿ ಹಾಕಿದರೆ ಸಾಕು.

ಬಯೋಗ್ಯಾಸ್ ಸ್ಲರಿಯಲ್ಲಿ ಸುಲಭವಾಗಿ ಕೊಳೆಯುವ ಇಂಗಾಲ ಮೊದಲೇ ಅನಿಲವಾಗಿ ಒಲೆಗೆ ಹೋಗಿರುತ್ತದೆ. ಹಾಗಾಗಿ ಹಸಿ ಸಗಣಿ ಬಗ್ಗಡಕ್ಕಿಂತ ಇದು ಪಾತಿಯಲ್ಲಿ ಒಳ್ಳೆಯದು. ಕೈಕೊಡುವುದು ಎರಡು ಕಡೆ: ತೆರೆದ ಗುಂಡಿಯಲ್ಲಿ ನಿಂತಿರುವಾಗ ಉಳಿದ ಮಿಥೇನ್ ಹೊರಬೀಳುತ್ತಲೇ ಇರುತ್ತದೆ, ಮತ್ತು ರಸಸಾರ 8ರ ಹತ್ತಿರ ಇರುವುದರಿಂದ ಮೇಲೆ ಚೆಲ್ಲಿದರೆ ಅಮೋನಿಯಾ ಹಾರುತ್ತದೆ. ಗುಂಡಿಗೆ ಮುಚ್ಚಳ ಹಾಕಿ. ಹತ್ತು ಕಂತಿನಲ್ಲಿ, ಚದರ ಮೀಟರ್‌ಗೆ ಒಮ್ಮೆಗೆ ಒಂದು ಲೀಟರ್‌ನಂತೆ, ನಾಲ್ಕು ಪಟ್ಟು ನೀರು ಬೆರೆಸಿ ಹೊದಿಕೆಯ ಅಡಿಯಲ್ಲಿ ಕೊಡಿ. ಡ್ರಿಪ್‌ನಲ್ಲಿ ಬಿಡುವುದಾದರೆ 120 ಮೆಶ್ ಜರಡಿಯಲ್ಲಿ ಸೋಸಿ, ಕೊನೆಗೆ ಹದಿನೈದು ನಿಮಿಷ ಬರೀ ನೀರು ಹರಿಸಿ. ಇಲ್ಲದಿದ್ದರೆ ವಾರದೊಳಗೆ ಡ್ರಿಪ್ಪರ್ ಕಟ್ಟಿಕೊಳ್ಳುತ್ತವೆ, ಕಟ್ಟಿದ ಕಡೆ ಒಣಗು, ಬೇರೆಡೆ ಕೆಸರು.

ಬಯೋಚಾರ್ ಗೊಬ್ಬರವಲ್ಲ, ಗೊಬ್ಬರದ ಜೊತೆಗಾರ. ಚದರ ಮೀಟರ್‌ಗೆ ಒಂದು ಕೆ.ಜಿ. ಹಾಕಿದರೆ ಹುಳಿ ಮಣ್ಣಿನಲ್ಲಿ ನೈಟ್ರಸ್ ಆಕ್ಸೈಡ್ ಇಳಿಯುತ್ತದೆ, ಅದರ ಇಂಗಾಲದ ಬಹುಪಾಲು ಮಣ್ಣಿನಲ್ಲೇ ದೀರ್ಘಕಾಲ ಉಳಿಯುತ್ತದೆ. ಒಣಗಿದ್ದನ್ನು ನೇರವಾಗಿ ಸೇರಿಸಿದರೆ ಸಾರಜನಕ ಹೀರಿಕೊಂಡು ಬೆಳೆ ಹಳದಿಯಾಗುತ್ತದೆ, ಕಾಂಪೋಸ್ಟ್ ಜೊತೆ ತಿಂಗಳು ನೆನೆಸಿ ಹಾಕಿ. ರಸಸಾರ 7.5 ದಾಟಿದ ಮಣ್ಣಿಗೆ ಬೇಡ. ಅನಿಲ ತಡೆಯುವ ಗುಣ ವರ್ಷ ಕಳೆದಂತೆ ಕುಗ್ಗುತ್ತದೆ.

ನೀರು

ಯಾವ ಗೊಬ್ಬರ ಆರಿಸಿದರೂ ನೀರು ತಪ್ಪಿದರೆ ಆಯ್ಕೆ ವ್ಯರ್ಥ. ಇಡೀ ಬೆಳೆಯ ನೈಟ್ರಸ್ ಆಕ್ಸೈಡ್‌ನಲ್ಲಿ ದೊಡ್ಡ ಪಾಲು ತಳಗೊಬ್ಬರ ಹಾಕಿ ಮೊದಲ ನೀರು ಕೊಟ್ಟ ಎರಡು ವಾರದಲ್ಲೇ ಹೋಗುತ್ತದೆ. ಆಗ ಸಸಿ ಇನ್ನೂ ಅಂಗೈಯಷ್ಟು, ನೈಟ್ರೇಟ್ ಕುಡಿಯುವ ಬೇರೇ ಇಲ್ಲ. ಆದ್ದರಿಂದ ಬೇಗ ಕರಗುವ ಗೊಬ್ಬರವನ್ನು ತಳಕ್ಕೆ ಹಾಕದಿರುವುದೇ ಲೇಸು. ತಳಕ್ಕೆ ಕಳಿತದ್ದು, ಮೇಲುಗೊಬ್ಬರಕ್ಕೆ ವೇಗದ್ದು.

ಕಾಲುವೆಯಲ್ಲಿ ನೀರು ಕಟ್ಟುವುದಕ್ಕಿಂತ ಹನಿ ನೀರಾವರಿ ಒಳ್ಳೆಯದು, ಏಕೆಂದರೆ ತೇವವಾಗುವ ಮಣ್ಣೇ ಕಡಿಮೆ. ಅದೂ ದಿನಕ್ಕೆ ಒಂದೆರಡು ಸಲ ಸ್ವಲ್ಪ ಸ್ವಲ್ಪ ಕೊಟ್ಟಾಗ. 15 ಸೆಂ.ಮೀ. ಆಳದಲ್ಲಿ ಟೆನ್ಶಿಯೋಮೀಟರ್ (ಮಣ್ಣಿನ ತೇವ ತಿಳಿಸುವ ಸಾಧನ, ಅಂಕಿ ಇಳಿದಷ್ಟೂ ತೇವ ಹೆಚ್ಚು) ನೆಟ್ಟರೆ ಹಗುರ ಮಣ್ಣಿನಲ್ಲಿ 10ರಿಂದ 20, ಜಿಗುಟು ಮಣ್ಣಿನಲ್ಲಿ 30 ಸೆಂಟಿಬಾರ್‌ವರೆಗೆ ನಡೆಯುತ್ತದೆ. 5ರ ಕೆಳಗೇ ಗಂಟೆಗಟ್ಟಲೆ ನಿಂತಿದ್ದರೆ ಬೇರಿಗೆ ಗಾಳಿಯಿಲ್ಲ, ಅನಿಲ ಏಳುತ್ತಿದೆ. ಪಾತಿಯನ್ನು ಒಣಗಲು ಬಿಟ್ಟು ಒಮ್ಮೆಲೇ ತೋಯಿಸಿದರೂ ಅದೇ ಕಥೆ. ಪ್ಲಾಸ್ಟಿಕ್ ಹೊದಿಕೆ ಅಮೋನಿಯಾ ತಡೆಯುತ್ತದೆ, ಆದರೆ ಅಡಿಯ ಮಣ್ಣನ್ನು ಬಿಸಿಯಾಗಿ ಹಸಿಯಾಗಿ ಇಡುತ್ತದೆ. ಹೊದಿಕೆ ಹಾಸಿದ ಮೇಲೂ ಹಳೆಯ ಅಳತೆಯಲ್ಲೇ ನೀರು ಕೊಡುವವರು ಇಲ್ಲಿ ಎಡವುತ್ತಾರೆ.

ನಿಮ್ಮ ಮಣ್ಣಿಗೆ ಯಾವುದು

ಸಾವಯವ ಇಂಗಾಲ ಕಡಿಮೆಯಿರುವ ಹೊಸ ಮಣ್ಣಿಗೆ ಕಾಂಪೋಸ್ಟ್ ತಳಗೊಬ್ಬರ ತಪ್ಪದು, ಪಾತಿಯ ಲೆಕ್ಕ ಸ್ವಲ್ಪ ಏರಿದರೂ ಸರಿ. ನಾಲ್ಕೈದು ವರ್ಷ ಗೊಬ್ಬರ ತಿಂದ ಮಣ್ಣಿನಲ್ಲಿ ರಂಜಕ ತುಂಬಿರುತ್ತದೆ. ಅಲ್ಲಿ ಕಾಂಪೋಸ್ಟ್ ಮೂರನೇ ಒಂದು ಪಾಲಿಗೆ ಇಳಿಸಿ, ಹಿಂಡಿ ಅಥವಾ ಸ್ಲರಿಯ ಮೇಲೆ ಬೆಳೆ ನಡೆಸಿ. ನೀರು ಇಂಗದ ಜಿಗುಟು ಮಣ್ಣಿನಲ್ಲಿ ಸ್ಲರಿ ಬೇಡ, ಏರುಮಡಿ 25–30 ಸೆಂ.ಮೀ. ಇರಲಿ. ತೆಂಗಿನ ನಾರಿನ ಪುಡಿ ತುಂಬಿದ ಗ್ರೋ ಬ್ಯಾಗ್‌ಗೆ ಎರೆಹುಳು ಗೊಬ್ಬರ ಪರಿಮಾಣದ 10ರಿಂದ 20% ಸಾಕು, ಹೆಚ್ಚಾದರೆ ಗಾಳಿಯಾಡುವ ಜಾಗ ಮುಚ್ಚುತ್ತದೆ.

ಕೊನೆಗೆ ಅನಿಲವನ್ನು ಇಳುವರಿಯಿಂದ ಭಾಗಿಸಿ ನೋಡಿ. 200 ಕೆ.ಜಿ. ಅನಿಲಕ್ಕೆ 10 ಟನ್ ಟೊಮೆಟೊ ಬಂದರೆ ಕೆ.ಜಿ.ಗೆ 20 ಗ್ರಾಂ. ಗೊಬ್ಬರ ಅತಿಯಾಗಿ ಕಡಿಮೆ ಮಾಡಿ, ಅನಿಲ 180ಕ್ಕಿಳಿದರೂ ಇಳುವರಿ 7 ಟನ್‌ಗೆ ಬಿದ್ದರೆ ಕೆ.ಜಿ.ಗೆ 26 ಗ್ರಾಂ ಆಯಿತು. ಚಳಿನಾಡುಗಳಲ್ಲಿ ಇಂಧನ ಉರಿಸಿ ಬೆಚ್ಚಗಿಡುವ ಗಾಜಿನ ಮನೆಗಳಿಗೆ ಈ ಗೊಬ್ಬರದ ಲೆಕ್ಕ ಅಷ್ಟು ಮುಖ್ಯವಲ್ಲ, ಅಲ್ಲಿ ಬಾಯ್ಲರ್‌ನದೇ ಸಿಂಹಪಾಲು.

ಬೆಳೆ ಮುಗಿದ ಮೇಲೆ ಹಸಿ ಬಳ್ಳಿ, ಎಲೆಗಳನ್ನು ಅಲ್ಲೇ ಉತ್ತು ನೀರು ಬಿಡುವ ರೂಢಿ ಹಲವರಿಗಿದೆ. ಎಲೆಕೋಸಿನಂಥ ಸಾರಜನಕ ತುಂಬಿದ ಎಲೆಯಾದರೆ ಇದು ಹಸಿ ಕೋಳಿ ಗೊಬ್ಬರ ಹಾಕಿದಂತೆಯೇ. ಕಿತ್ತು ತಿಪ್ಪೆಗೆ ಹಾಕಿ, ಹುಲ್ಲು ಬೆರೆಸಿ. ಮಣ್ಣಿನ ರೋಗ ಕೊಲ್ಲಲು ಹಸಿ ಗೊಬ್ಬರ ಸೇರಿಸಿ, ನೀರು ನಿಲ್ಲಿಸಿ, ಪ್ಲಾಸ್ಟಿಕ್ ಮುಚ್ಚುವ ವಿಧಾನದಲ್ಲಿ ಮಿಥೇನ್ ಮತ್ತು ನೈಟ್ರಸ್ ಆಕ್ಸೈಡ್ ಎರಡೂ ಬರುತ್ತವೆ. ದುಂಡಾಣು ಸೊರಗು ರೋಗ, ಬೇರುಗಂಟು ಜಂತುಹುಳು ವಿಪರೀತವಾದಾಗ ಮಾತ್ರ ಅದಕ್ಕೆ ಕೈಹಾಕಿ, ಅದಕ್ಕೂ ಮೊದಲು ಮಣ್ಣಿನಲ್ಲಿ ಉಳಿದ ನೈಟ್ರೇಟ್ ಹೀರಲು ಐದಾರು ವಾರ ಜೋಳವನ್ನು ಒತ್ತಾಗಿ ಬಿತ್ತಿ ಕೊಯ್ದು ಹೊರತೆಗೆಯಿರಿ.